ಅರವತ್ತನಾಲ್ಕು ಮನೆಗಳ ಅಭಿಪ್ರಾಯ

ಸನದಿನ ಮಾತನ್ನು ಮೊದಲು ಎತ್ತಿದವನು ದಾನಿಷ್. ಹಸನ್‌ಸಾಬರ ಮುಂದೆಯೇ ಕೂತು ಅಲಿಫ್, ಬೇ ಅಕ್ಷರ ಕಲಿತ ಹುಡುಗ. ಈಗ ಸಿಂಧನೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಮಸೀದಿಯ ಆಡಳಿತ ಸುಧಾರಿಸಬೇಕು, ಇಮಾಮರಾಗುವವರು ಮದರಸಾ ಮುಗಿಸಿದ ಸನದು ತೋರಿಸಬೇಕು, ಇದನ್ನೆಲ್ಲ ನಾಲ್ಕು ಹಿರಿಯರಲ್ಲ, ಇಡೀ ಜಮಾತು ಸೇರಿ ತೀರ್ಮಾನಿಸಬೇಕು ಎಂದು ಒಂದು ಶುಕ್ರವಾರ ನಮಾಜಿನ ನಂತರ ಅವನು ಎದ್ದು ನಿಂತು ಹೇಳಿದ. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಇಮಾಮರಾಗಿದ್ದ ಹಸನ್‌ಸಾಬ್ ಒಳ್ಳೆಯ ಮಾತೆಂದು ತಲೆಯಾಡಿಸಿದರು.

ಅವರ ಬಳಿ ಸನದು ಇರಲಿಲ್ಲ. ಮದರಸಾದ ಮೂರನೇ ವರ್ಷದಲ್ಲಿ, ತುರ್ವಿಹಾಳದಲ್ಲಿ ತಂದೆ ಹಾಸಿಗೆ ಹಿಡಿದ ಸುದ್ದಿ ಬಂದಿತ್ತು. ಊರಿಗೆ ಬಂದವರು ಮತ್ತೆ ಓದಲು ಹೋಗಲಿಲ್ಲ. ಇಲ್ಲಿ ಇಮಾಮರಾಗಲು ಕರೆದ ದಿನ ಯಾರೋ ಸನದು ಕೇಳಿದ್ದಕ್ಕೆ ಊರಿನ ಮನೆಯ ಪೆಟ್ಟಿಗೆಯಲ್ಲಿದೆ ಎಂದಿದ್ದರು. ಆಮೇಲೆ ಯಾರೂ ಕೇಳಿರಲಿಲ್ಲ.

ಮನೆಗೊಂದರಂತೆ ಅರವತ್ತನಾಲ್ಕು ಪ್ರಶ್ನೆಹಾಳೆ ಹಂಚಿದರು. ಹೆಸರು ಬರೆಯುವಂತಿಲ್ಲ. ಬರೆದು, ಲಕೋಟೆಯಲ್ಲಿ ಅಂಟಿಸಿ, ಮಸೀದಿಯ ಪಡಸಾಲೆಯ ಕಟ್ಟಿಗೆ ಪೆಟ್ಟಿಗೆಗೆ ಹಾಕಬೇಕು. ಗುರುವಾರ ಸಂಜೆ ಕೊನೆ. ಶುಕ್ರವಾರ ಎಲ್ಲರ ಮುಂದೆ ತೆರೆಯುವುದು. ಬೀಗದ ಕೈ ಕಮಿಟಿಯ ಅಧ್ಯಕ್ಷ ಉಸ್ಮಾನ್‌ಸಾಬರಲ್ಲಿತ್ತು. ಇಮಾಮರ ಮನೆಗೆ ಮಾತ್ರ ಹಾಳೆ ಬರಲಿಲ್ಲ.

"ನಿಮ್ಮ ಬಗ್ಗೆನ ಕೇಳೂದೈತ್ರಿ ಹಜರತ್, ನೀವ ಬರದ್ರ ಚಂದ ಕಾಣಂಗಿಲ್ಲ," ಎಂದರು ಉಸ್ಮಾನ್‌ಸಾಬ್.

"ಖರೆ ಐತಿ ಬಿಡ್ರಿ."

ಹಸನ್‌ಸಾಬರಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ಅರವತ್ತೊಂದರ ವಯಸ್ಸಿನಲ್ಲಿ ಬೇರೆ ಊರು, ಬೇರೆ ಮಸೀದಿ ಹುಡುಕುವುದನ್ನು ನೆನೆದರೇ ದಣಿವಾಗುತ್ತಿತ್ತು. ಮಸೀದಿಗೆ ಅಂಟಿಕೊಂಡ ಎರಡು ಕೋಣೆಗಳೇ ಅವರ ಮನೆ. ಆ ದಣಿವಿನಲ್ಲೇ ಉಪಾಯ ಹೊಳೆಯಿತು. ನಾಲ್ಕು ದಿನದಲ್ಲಿ ಅದು ಎಲ್ಲಿಯೂ ಬಿರುಕಿಲ್ಲದಂತೆ ಕೂಡಿಬಂತು.

ನೋಟಿಸು ಹಲಗೆಗೆ ಅಂಟಿಸಿದ್ದ ಮಾದರಿ ಪ್ರಶ್ನೆಹಾಳೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡರು. ಸಿಂಧನೂರಿನ ಝರಾಕ್ಸ್ ಅಂಗಡಿಯವರೆಲ್ಲ ಮುಖಪರಿಚಯದವರು, ಅದಕ್ಕೇ ಮಸ್ಕಿಯ ಬಸ್ಸು ಹತ್ತಿದರು.

"ಇಷ್ಟ ಬಿಸಿಲಾಗ ಎಲ್ಲಿಗ್ರಿ?" ಎಂದಳು ಹೆಂಡತಿ ಹುಸೇನ್‌ಬಿ.

"ಮಸ್ಕ್ಯಾಗ ಒಬ್ರಿಗೆ ಆರಾಮಿಲ್ಲ. ಮಾತಾಡ್ಸಿ ಬರ್ತೀನಿ."

ಮಸ್ಕಿಯ ಅಂಗಡಿಯವನು ಫೋಟೋ ನೋಡಿ ಗೆರೆಗೆ ಗೆರೆ ಹೊಂದುವಂತೆ ಟೈಪ್ ಮಾಡಿಕೊಟ್ಟ. ಅದೇ ದಪ್ಪದ ಕಾಗದ, ಅದೇ ಅಳತೆಯ ಬಿಳಿ ಲಕೋಟೆ. ಪೆನ್ನುಗಳನ್ನು ಮಾತ್ರ ಬೇರೆ ಬೇರೆ ಅಂಗಡಿಗಳಲ್ಲಿ ಕೊಂಡರು.

ಬರೆಯುವುದು ಅವರಿಗೆ ಕಷ್ಟವಾಗಲಿಲ್ಲ. ಓಣಿಯ ಅರ್ಧ ಜನರ ಕೈಬರಹವನ್ನು ಅವರೇ ತಿದ್ದಿದ್ದರು; ಉಳಿದರ್ಧ ಜನರ ಪಿಂಚಣಿ, ರೇಷನ್ ಕಾರ್ಡಿನ ಅರ್ಜಿಗಳು ಅವರ ಕೈ ಹಾಯ್ದು ಹೋಗಿದ್ದವು. ಯಾರು ಉರ್ದುವಿನಲ್ಲಿ ಬರೆಯುತ್ತಾರೆ, ಯಾರು ಕನ್ನಡದಲ್ಲಿ, ಯಾರ ಸಾಲು ಬಲಕ್ಕೆ ಜಾರುತ್ತದೆ, ಎಲ್ಲ ಗೊತ್ತಿತ್ತು. ಸನದು ಬೇಕೇ ಎಂಬ ಪ್ರಶ್ನೆಗೆ ಹೆಚ್ಚಿನವರ ಅಕ್ಷರದಲ್ಲಿ 'ಅನುಭವ ಸಾಕು' ಎಂದು ಬರೆದರು. ಎಲ್ಲರೂ ಹಾಗೇ ಅಂದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಹದಿಮೂರು ಹಾಳೆಗಳಲ್ಲಿ ತಮ್ಮನ್ನು ತಾವೇ ಬೈದುಕೊಂಡರು. ಓದುವುದು ಅವಸರ. ಶುಕ್ರವಾರದ ಪ್ರವಚನ ಖುತ್ಬಾದ ಅರ್ಥವನ್ನು ಕನ್ನಡದಲ್ಲಿ ಹೇಳುವುದಿಲ್ಲ. ಮಕ್ಕಳಿಗೆ ಪಾಠ ಹೇಳುತ್ತ ತೂಕಡಿಸುತ್ತಾರೆ. ಈ ಸಾಲುಗಳಿಗೆ ಮಾತ್ರ ಪೆನ್ನು ಎಲ್ಲಿಯೂ ತಡೆಯಲಿಲ್ಲ. ದಾನಿಷನ ಅಕ್ಷರದಲ್ಲಿ ಕೊನೆಯ ಹಾಳೆ ಬರೆದು ಮುಗಿಸಿದಾಗ, ಅವನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಒಂದು ಗಳಿಗೆ ಅನಿಸಿತು. ಪೆನ್ನಿನ ಕ್ಯಾಪು ಹಾಕಿ ಎದ್ದರು.

ಶುಕ್ರವಾರ ಬೆಳಗಿನ ನಮಾಜು ಮುಗಿಸಿ ಎಲ್ಲರೂ ಹೋದ ಮೇಲೆ ಪೆಟ್ಟಿಗೆಯ ಹಿಂದಿನ ತಿರುಪು ಬಿಚ್ಚಿದರು. ಬೀಗಕ್ಕೆ ಕೈ ಹಚ್ಚಲಿಲ್ಲ. ಒಳಗೆ ಐವತ್ತೆಂಟು ಲಕೋಟೆಗಳಿದ್ದವು. ತಾವು ಬರೆದ ಅರವತ್ತನಾಲ್ಕರಲ್ಲಿ ಐವತ್ತೆಂಟನ್ನೇ ಇಟ್ಟು, ಆರನ್ನು ಹೊರಗುಳಿಸಿ ತಿರುಪು ಬಿಗಿದರು. ತೆಗೆದವುಗಳಲ್ಲಿ ಒಂದನ್ನೂ ಒಡೆದು ನೋಡಲಿಲ್ಲ. ತಮ್ಮ ಕೊರತೆ ತಮಗೆ ಗೊತ್ತಿತ್ತು. ಅದನ್ನು ಬೇರೆಯವರ ಅಕ್ಷರದಲ್ಲಿ ಓದುವ ಧೈರ್ಯವಿರಲಿಲ್ಲ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ನೀರು ಕಾಯಿಸುವ ಒಲೆಯಲ್ಲಿ ಭತ್ತದ ಹೊಟ್ಟು ಕೆಂಪಗೆ ಉರಿಯುತ್ತಿತ್ತು. ಲಕೋಟೆಗಳು ಬೇಗ ಬೂದಿಯಾದವು. ಅವತ್ತು ನೀರು ಚೆನ್ನಾಗಿ ಕಾದಿತ್ತು.

ಜುಮಾ ನಮಾಜಿನ ನಂತರ ಪಡಸಾಲೆಯಲ್ಲಿ ಗಂಡಸರು, ಪರದೆಯಾಚೆ ಹೆಂಗಸರು ಕೂತರು. ಯಾರ ಪಕ್ಷವೂ ಅಲ್ಲದವರು ಓದಲಿ ಎಂದು ನಿವೃತ್ತ ಹೆಡ್‌ಮಾಸ್ತರ ದೊಡ್ಡಬಸಪ್ಪನವರನ್ನು ಕರೆಸಿದ್ದರು. ಅವರು ಒಂದೊಂದೇ ಲಕೋಟೆ ಒಡೆದು, ಕನ್ನಡದ್ದನ್ನು ತಾವು ಓದಿ, ಉರ್ದುವಿನದನ್ನು ಉಸ್ಮಾನ್‌ಸಾಬರ ಕೈಗೆ ಕೊಡುತ್ತಿದ್ದರು. ಅನುಭವ ಸಾಕು. ಅನುಭವ ಸಾಕು. ಖುತ್ಬಾದ ಅರ್ಥದ ಮಾತು ಬಂದಾಗ ಕೆಲವರು ನಕ್ಕರು. ಹಸನ್‌ಸಾಬ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಎಷ್ಟೋ ದಿನಗಳ ಮೇಲೆ ನಿದ್ದೆ ಬರುವಂತಿತ್ತು.

"ಇನ್ನ ಹಿಂದಿನ ಬಾಜು ಓದ್ರಿ ಮಾಸ್ತರ್, ಮುಖ್ಯದ್ದು ಅದ ಐತಿ," ಎಂದ ದಾನಿಷ್. ದೊಡ್ಡಬಸಪ್ಪ ಕೈಲಿದ್ದ ಹಾಳೆ ತಿರುವಿದರು, ಇನ್ನೊಂದನ್ನು ತಿರುವಿದರು, ಹತ್ತನ್ನು ತಿರುವಿದರು. "ಹಿಂದ ಏನೂ ಇಲ್ಲಲ್ಲೋ ತಮ್ಮಾ. ಪ್ರಶ್ನಿನೂ ಇಲ್ಲ." ಪರದೆಯಾಚೆಯಿಂದ ಒಂದು ಹೆಣ್ಣುದನಿ, "ನಾ ಹಿಂದ ಹೌದಂತ ಬರದು ಹಾಕೀನಲ್ರೀ," ಎಂದಿತು. "ನಾನೂ ಬರದೀನಿ," ಎಂದಿತು ಇನ್ನೊಂದು. ಉಸ್ಮಾನ್‌ಸಾಬ್ ತಮ್ಮ ಜೇಬಿನಿಂದ ಹೆಚ್ಚಾಗಿ ಉಳಿದಿದ್ದ ಖಾಲಿ ಪ್ರಶ್ನೆಹಾಳೆ ತೆಗೆದು ಬಿಡಿಸಿ, ಮಗುಚಿ ಮಾಸ್ತರರ ಮುಂದೆ ಹಿಡಿದರು. ನೋಟಿಸು ಹಲಗೆಯ ಅಂಟಿನಡಿ ಹೋಗಿದ್ದ ಆ ಬದಿಯನ್ನು ಮಾಸ್ತರರು ಗಟ್ಟಿಯಾಗಿ ಓದಿದರು: 'ಸನದಿನ ನಿಯಮ ಮುಂದೆ ಬರುವ ಇಮಾಮರಿಗೆ ಮಾತ್ರ ಇರಲಿ. ನಮ್ಮ ಹಸನ್‌ಸಾಬರು ಬದುಕಿರುವವರೆಗೂ ಇಲ್ಲಿಯೇ ಇಮಾಮರಾಗಿರಲಿ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?'