ಸಬಾಹಳ ತಾಯಿಯ ಬಾಗಿಲಲ್ಲಿ

"ಈ ಹೊಲಿಗೆ ಎಲ್ಲಿ ಕಲಿತಿರಿ?"

ಕೇಳಿದವನು ತಲೆ ಎತ್ತಿರಲಿಲ್ಲ. ಮಷಿನ್ನಿನ ಹೊಟ್ಟೆಯೊಳಗೆ ಕೈ ಹಾಕಿ ಏನನ್ನೋ ಬಿಚ್ಚುತ್ತಿದ್ದ.

ಮಿನ್ಯಾ ಪೇಟೆಯ ಈ ಚರ್ಚಿನ ಹೊಲಿಗೆ ಕೋಣೆಗೆ ರಿಫ್ಕಾ ಕೆಲಸಕ್ಕೆ ಬಂದದ್ದು ಅವತ್ತೇ. ಸುತ್ತ ಕೂತ ಹೆಂಗಸರೆಲ್ಲ ಕಿವಿ ಇತ್ತಲೇ ಇಟ್ಟಿದ್ದರು. ಸುಳ್ಳು ಹೇಳಿಬಿಡಲೇ...? ಹೇಳಿದರೆ ಎಷ್ಟು ದಿನ ನಡೆದೀತು?

"ಜೈಲಲ್ಲಿ," ಎಂದಳು.

ಕತ್ತರಿಗಳ ಸದ್ದು ನಿಂತುಹೋಯಿತು.

ಅವನು ಆಗ ತಲೆ ಎತ್ತಿದ. ಕೆನ್ನೆಗೆ ಮಷಿನ್ ಎಣ್ಣೆ ಮೆತ್ತಿಕೊಂಡಿತ್ತು.

"ಹೊಲಿಗೆ ಚೆನ್ನಾಗಿದೆ. ಬಾಬಿನ್ ಮಾತ್ರ ಉಲ್ಟಾ ಹಾಕಿದೀರಿ. ಅದು ಜೈಲಿಗೆ ಹೋಗದೇ ಇರೋರೂ ಮಾಡೋ ತಪ್ಪು, ಬಿಡಿ."

ಯಾರೋ ಕಿಸಕ್ಕೆಂದರು. ಕತ್ತರಿಗಳು ಮತ್ತೆ ಆಡತೊಡಗಿದವು. ರಿಫ್ಕಾ ಮಾತ್ರ ತಗ್ಗಿಸಿದ ತಲೆ ಎತ್ತಲಿಲ್ಲ. ಎತ್ತಿದ್ದರೆ ಕಣ್ಣಲ್ಲಿದ್ದ ನೀರು ಅವನಿಗೆ ಕಾಣುತ್ತಿತ್ತು.

ಅವನು ಲಬೀಬ್. ಹೊಲಿಗೆ ಮಷಿನ್ ರಿಪೇರಿಯವನು. ಕಸುಬುದಾರರನ್ನು ಅಲ್ಲಿ ಕರೆಯುವಂತೆ ಎಲ್ಲರೂ 'ಉಸ್ತಾ' ಎನ್ನುತ್ತಿದ್ದರು.

ರಿಫ್ಕಾ ಜೈಲಿನಿಂದ ಹೊರಬಂದಾಗ ಒಡಹುಟ್ಟಿದ ಅಣ್ಣನೇ ಬಾಗಿಲ ಸಂದಿಯಿಂದ ಮಾತಾಡಿಸಿ ಕಳಿಸಿದ್ದ. "ನಂಗೂ ಹೆಣ್ಣುಮಕ್ಕಳಿದಾರೆ ರಿಫ್ಕಾ, ಅರ್ಥ ಮಾಡ್ಕೋ." ಜೈಲಿಗೆ ಬಂದು ಕೈದಿಗಳಿಗಾಗಿ ಪ್ರಾರ್ಥಿಸುತ್ತಿದ್ದ ಪಾದ್ರಿ ಅಬೂನಾ ಬಿಸಾಂತಿಯೇ ಅವಳಿಗೆ ಚರ್ಚಿನ ಹೆಣ್ಣುಮಕ್ಕಳ ವಸತಿಯಲ್ಲಿ ಒಂದು ಮಂಚ, ಪಾದ್ರಿಗಳ ನಿಲುವಂಗಿ ಹೊಲಿಯುವ ಈ ಕೋಣೆಯಲ್ಲಿ ಒಂದು ಮಷಿನ್ ಕೊಡಿಸಿದ್ದು.

ಆ ಮಷಿನ್ ಆಮೇಲಾಮೇಲೆ ಬಹಳ ಕೆಡತೊಡಗಿತು.

"ಏನಪ್ಪಾ ಉಸ್ತಾ, ಮಿಕ್ಕ ಮಷಿನ್‌ಗಳಿಗೆ ಕಾಯಿಲೆನೇ ಬರಲ್ವಾ?" ಕೋಣೆಯ ಉಸ್ತುವಾರಿ, ಅಬೂನಾ ಬಿಸಾಂತಿಯವರ ಹೆಂಡತಿ ಇಸ್ತಿರ್ ಅಮ್ಮ ಛೇಡಿಸುತ್ತಿದ್ದರು.

"ಇದು ಸೂಕ್ಷ್ಮದ್ದು ಅಮ್ಮಾ. ಆಗಾಗ ನೋಡ್ಕೋಬೇಕು."

ರಿಫ್ಕಾಳ ಕಿವಿ ಕೆಂಪಾಗುತ್ತಿತ್ತು. ಬೇಡ, ಆಸೆ ಪಡಬೇಡ... ನಿನ್ನಂಥವಳಿಗಲ್ಲ ಇದು. ಹಾಗೆ ಅಂದುಕೊಳ್ಳುತ್ತಲೇ ಮೆಟ್ಟಿಲ ಮೇಲೆ ಅವನ ಚಪ್ಪಲಿ ಸದ್ದಿಗೆ ಕಾಯುತ್ತಿದ್ದಳು.

ಒಂದು ಮಧ್ಯಾಹ್ನ ಚರ್ಚಿನ ಅಂಗಳದ ಬೆಂಚಿನ ಮೇಲೆ ಚಹಾ ಕುಡಿಯುತ್ತ ತಾನಾಗಿಯೇ ಎಲ್ಲ ಹೇಳಿಬಿಟ್ಟಳು. ಅವನಿಗೆ ಗೊತ್ತಿಲ್ಲದೆ ಅವನ ನಗು ಪಡೆಯುವುದು ಕಳ್ಳತನದಂತೆ ಅನಿಸುತ್ತಿತ್ತು.

"ಹಳ್ಳಿಯೊಂದರ ಕ್ಲಿನಿಕ್ಕಲ್ಲಿ ನರ್ಸಮ್ಮನ ಸಹಾಯಕಿಯಾಗಿದ್ದೆ. ಸಬಾಹ್ ಅಂತ ಒಬ್ಬಳು ಜ್ವರ ಅಂತ ಬಂದಳು. ಹೊಸ ಮದುಮಗಳು, ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ಡಾಕ್ಟರು ಇರಲಿಲ್ಲ. ಫೋನಲ್ಲಿ, 'ಇಂಜೆಕ್ಷನ್ ಕೊಟ್ಬಿಡು, ಬರ್ತಿದೀನಿ' ಅಂದ್ರು. ಮೊದಲು ಒಂಚೂರು ಚುಚ್ಚಿ, ಒಗ್ಗುತ್ತಾ ಅಂತ ನೋಡಬೇಕು ಅಂತ ನಂಗೆ ಗೊತ್ತಿತ್ತು. ಜನ ತುಂಬಿದ್ರು... ಬಿಟ್ಟುಬಿಟ್ಟೆ." ಅವಳು ಲೋಟವನ್ನು ಬೆಂಚಿನ ಮೇಲಿಟ್ಟಳು. "ನನ್ನ ಕೈ ಹಿಡ್ಕೊಂಡೇ ಸತ್ತಳು, ಉಸ್ತಾ."

"ಯಾವ ಹಳ್ಳಿ?" ಎಂದಷ್ಟೇ ಕೇಳಿದ ಲಬೀಬ್. ಹೇಳಿದಳು. ಅವನು ಲೋಟ ಕೆಳಗಿಟ್ಟು ಎದ್ದು ಹೋದ. ಚಹಾ ಅರ್ಧಕ್ಕೇ ಉಳಿದಿತ್ತು.

ಆಮೇಲೆ ಅವನು ಬರಲಿಲ್ಲ.

ಆ ವಾರವೂ ಇಲ್ಲ, ಮುಂದಿನ ವಾರವೂ ಇಲ್ಲ. ಮಷಿನ್ ನಿಜಕ್ಕೂ ಕೆಟ್ಟಾಗ ಬಂದದ್ದು ಬೇರೆ ಯಾರೋ ಮುದುಕ.

ಸರಿ ಬಿಡು, ಯಾರು ತಾನೇ ಉಳಿಯುತ್ತಾರೆ... ಅವಳಿಗೆ ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ.

ಸಿಟ್ಟು ಬಂದದ್ದು ಆ ಭಾನುವಾರ. ಪೂಜೆ ಮುಗಿದು ಜನ ಅಂಗಳಕ್ಕಿಳಿಯುವಾಗ ಗಲ್ಲಾಬಿಯಾ ಎಂಬ ಉದ್ದಂಗಿ ತೊಟ್ಟ ಯುವಕನೊಬ್ಬ ನಡುವೆ ನಿಂತಿದ್ದ. ಸಬಾಹಳ ತಮ್ಮ. ಕೋರ್ಟಿನಲ್ಲಿ ಅವನನ್ನು ಅವಳು ನೋಡಿದ್ದಳು. ಆಗಿನ್ನೂ ಮೀಸೆ ಬಂದಿರಲಿಲ್ಲ.

"ನಮ್ಮಕ್ಕನ್ನ ಕೊಂದವಳ ಕೈಯಿಂದ ಪಾದ್ರಿಗಳಿಗೆ ಬಟ್ಟೆ ಹೊಲಿಸ್ತೀರಾ? ಆ ಬಟ್ಟೆ ತೊಟ್ಟು ನಮಗೆ ಪ್ರಸಾದ ಕೊಡ್ತೀರಾ?"

ಯಾರೂ ಅವನನ್ನು ತಡೆಯಲಿಲ್ಲ. ತಡೆಯುವಂಥ ಮಾತೂ ಅದಾಗಿರಲಿಲ್ಲ. ಅವನು ಅಳುತ್ತಲೇ ಕೂಗುತ್ತಿದ್ದ.

ಮರುದಿನ ಹೆಂಗಸರು ತಮ್ಮ ಕುರ್ಚಿಗಳನ್ನು ಗೋಡೆ ಕಡೆಗೆ ಸರಿಸಿಕೊಂಡರು. ಬೇರೆ ಚರ್ಚಿನವರು ಹೊಲಿಸಿದ ನಿಲುವಂಗಿಗಳನ್ನು ವಾಪಸು ಕಳಿಸಿದರು. ಅಬೂನಾ ಬಿಸಾಂತಿ ಅವಳನ್ನು ಕರೆಸಿ ಎದುರು ಕೂರಿಸಿಕೊಂಡರು.

"ಮಗಳೇ... ನಾನು ಮಾತಾಡಿದೆ. ಚರ್ಚಿನ ಮಂಡಳಿ ಮುಂದೆ ಕೈ ಮುಗಿದು ಕೇಳಿದೆ. ಆಗಲಿಲ್ಲ." ಆ ದೊಡ್ಡ ಮನುಷ್ಯ ತನ್ನ ಗಡ್ಡವನ್ನು ಮಗುವಿನಂತೆ ಹಿಂಡಿಕೊಳ್ಳುತ್ತಿದ್ದರು. "ಸನ್ಯಾಸಿನಿಯರ ಮಠದಲ್ಲಿ ಬಟ್ಟೆ ಒಗೆಯೋ ಕೆಲಸ ಇದೆ. ಅಲ್ಲಿ ಹೊರಗಿನವರು ಯಾರೂ ನಿನ್ನ ನೋಡಲ್ಲ."

"ಅದೂ ಒಂಥರಾ ಜೈಲೇ ಅಲ್ವಾ ಅಬೂನಾ," ಎಂದಳು ರಿಫ್ಕಾ.

ಅವಳು ಬಟ್ಟೆಗಂಟು ಕಟ್ಟಿಕೊಂಡು ವಸತಿಯ ಗೇಟಿಗೆ ಬಂದಾಗ ಲಬೀಬ್ ಅಲ್ಲಿ ನಿಂತಿದ್ದ. ಸೊರಗಿದ್ದ.

"ದಾರಿ ಬಿಡಿ, ಉಸ್ತಾ."

"ಒಂದು ಮಾತು—"

"ಇನ್ನೇನು ಮಾತು? ನಿಮ್ಮ ಹತ್ರ ಬಿಟ್ಟು ಈ ಊರಲ್ಲಿ ಯಾರ ಹತ್ರಾನೂ ನಾನು ಆ ಹಳ್ಳಿ ಹೆಸರು ಹೇಳಿರಲಿಲ್ಲ. ಹೋಗೋದಿದ್ರೆ ಸುಮ್ನೆ ಹೋಗಬಹುದಿತ್ತಲ್ಲ. ಸಬಾಹಳ ತಮ್ಮನ್ನ ಕರ್ಕೊಂಡು ಬಂದು ನಿಲ್ಲಿಸಬೇಕಿತ್ತಾ?"

"ಕರ್ಕೊಂಡು ಬರಲಿಲ್ಲ. ಆದ್ರೆ... ಆಗಿದ್ದು ನನ್ನಿಂದಾನೇ."

ಅವನು ಗೇಟಿನ ಕಂಬಿ ಹಿಡಿದುಕೊಂಡ.

"ಅವತ್ತಿಂದ ಆ ಹಳ್ಳಿಗೆ ಹೋಗ್ತಿದ್ದೆ. ಸಬಾಹಳ ತಾಯಿನ ನೋಡಿ ನಿಮ್ಮ ಪರವಾಗಿ ಕ್ಷಮೆ ಕೇಳೋಣ ಅಂತ. ಅದನ್ನ ತಗೊಂಡು ಬಂದು ನಿಮ್ಮ ಕೈಲಿ ಕೊಟ್ಟು, ಆಮೇಲೆ ಮದುವೆ ಮಾತು ಎತ್ತೋಣ ಅಂತ ಇದ್ದೆ. ಆ ತಾಯಿ ಬಾಗಿಲೇ ತೆರೆಯಲಿಲ್ಲ. ಹೋದಾಗೆಲ್ಲ ಹೊಸ್ತಿಲಾಚೆ ಕೂತು ಬರ್ತಿದ್ದೆ. ಕೊನೇ ಸಲ ಆ ತಮ್ಮ ಹೊರಗೆ ಬಂದು, ಈಗ ಎಲ್ಲಿದಾಳೆ ಅಂತ ಕೇಳಿದ. ಮನಸ್ಸು ಕರಗಿತು ಅಂದ್ಕೊಂಡೆ, ರಿಫ್ಕಾ... ಹೇಳಿಬಿಟ್ಟೆ."

ಅವಳ ಗಂಟು ಕೈಯಿಂದ ಜಾರಿತು.

"ಯಾರು ಹೇಳಿದ್ರು ನಿಮಗೆ ಹೋಗೋಕೆ? ಅದು ನಾನು ಕೇಳಬೇಕಾದ ಕ್ಷಮೆ. ಬಾಬಿನ್ ಬದಲಾಯಿಸಿದ ಹಾಗೆ ಅಂದ್ಕೊಂಡ್ರಾ?"

"ಇಲ್ಲ... ಬೇಕಂತ ಮಾಡಲಿಲ್ಲ."

ಕೋರ್ಟಿನ ಕಟಕಟೆಯಲ್ಲಿ ನಿಂತು ರಿಫ್ಕಾ ಹೇಳಿದ್ದೂ ಇದೇ ಮಾತು. ಸಬಾಹಳ ತಾಯಿ ಅದನ್ನು ಕೇಳಿ ಮುಖ ತಿರುಗಿಸಿಕೊಂಡಿದ್ದಳು. ಹಾಗೆ ಹೇಳುವವನ ಗಂಟಲು ಎಷ್ಟು ಒಣಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಆ ಮಾತಿನಿಂದ ಕಳೆದುಕೊಂಡದ್ದು ಮರಳಿ ಬರುವುದಿಲ್ಲವೆಂದೂ ಗೊತ್ತಿತ್ತು.

ಮುಖ ತಿರುಗಿಸಿಕೊಳ್ಳಲು ಅವಳಿಂದಾಗಲಿಲ್ಲ.

"ಗೊತ್ತು," ಎಂದಳು ಮೆಲ್ಲಗೆ. "ಬೇಕಂತ ಮಾಡಲಿಲ್ಲ ನೀವು."

ಲಬೀಬ್ ತೋಳಿನಿಂದ ಕಣ್ಣೊರೆಸಿಕೊಂಡ.

"ನಿಮ್ಮ ಕೆಲಸಾನೂ ಕಳೆದೆ, ಕ್ಷಮೆನೂ ತರಲಿಲ್ಲ. ನಮ್ಮಮ್ಮ ಒಪ್ತಾಳೆ ಅಂತಾನೂ ಹೇಳಲಾರೆ. ಬರಿಗೈಲಿ ಬಂದಿದೀನಿ. ಆದ್ರೂ ಕೇಳ್ತೀನಿ... ನನ್ನ ಮದುವೆ ಆಗ್ತೀಯಾ?"

'ನೀವು' ಹೋಗಿ 'ನೀನು' ಆದದ್ದು ಅವನಿಗೇ ತಿಳಿಯಲಿಲ್ಲ.

"ಮಠದಲ್ಲಿ ದಿನವಿಡೀ ಬಟ್ಟೆ ಒಗೀತಿರ್ತೀನಿ. ರಾತ್ರಿ ಬೆಚ್ಚಿ ಏಳ್ತೀನಿ. ಅವಳ ಕೈ ನನ್ನ ಕೈಲೇ ಇರುತ್ತೆ, ಯಾವಾಗ್ಲೂ. ಅದು ಹೋಗಲ್ಲ."

"ಹೋಗಲಿ ಅಂತ ನಾನು ಕೇಳಿದ್ನಾ?"

ಕೆಳಗೆ ಬಿದ್ದ ಗಂಟನ್ನು ಅವನು ಎತ್ತಿಕೊಂಡ. ಅವಳು ತಡೆಯಲಿಲ್ಲ.

"ಮತ್ತೆ ಆ ಹಳ್ಳಿಗೆ ಹೋಗ್ತೀರಾ?"

"ನೀನು ಬೇಡ ಅಂದ್ರೆ ಇಲ್ಲ."

"ಒಬ್ಬರೇ ಬೇಡ. ನಾನೂ ಬರ್ತೀನಿ. ಆದ್ರೆ ಈಗಲ್ಲ, ಅವರಾಗಿ ಬಾ ಅಂದ ದಿನ."

"ಕರೀದೇ ಹೋದ್ರೆ, ರಿಫ್ಕಾ?"

"ಕರೀದೇನೂ ಇರಬಹುದು," ಎಂದು ಅವಳು ಅವನ ಎಣ್ಣೆಗೈಯನ್ನು ಮೊದಲ ಬಾರಿಗೆ ಹಿಡಿದುಕೊಂಡಳು. "ಕಾಯೋಕೆ ಇಬ್ಬರಿರ್ತೀವಿ."