ಕೂಸಿಗಿದ್ದ ಪರದೆ

ಬೇಡ ಅಂದುಬಿಡಲೇ? ಅಂದರೆ ಅವಳು ಒಪ್ಪುತ್ತಾಳೆ. ಒಪ್ಪಿದ ಮೇಲೆ, ಬದುಕಿರುವಷ್ಟು ದಿನ ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ತನಗೆ ಊಟ ಬಡಿಸುತ್ತಾಳೆ. ಬೇಕು ಅಂದರೆ? ಆಗ ಬಡಿಸಲು ಅವಳೇ ಇರದಿದ್ದರೆ?

ದಿಲೀಪ ಕಲಬುರಗಿಯ ಆಸ್ಪತ್ರೆಯ ವರಾಂಡದಲ್ಲಿ ಕೂತು ಇದನ್ನೇ ಹೊರಳಿಸುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಗೌತಮಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಅವಳಿಗೆ ಮೂರನೇ ತಿಂಗಳು.

ಅವಳ ಹೊಟ್ಟೆಯಲ್ಲಿ ಈಗ ಅವನವು ಎರಡಿದ್ದವು. ಮದುವೆಯಾದ ವರ್ಷ ಅವನು ಕೊಟ್ಟ ಕಿಡ್ನಿ, ಮತ್ತು ಅವನ ಕೂಸು.

"ಕೂಸಿಗೆ ಪರ್ದಾ ಅದ," ಎಂದಿದ್ದರು ಡಾಕ್ಟರ್ ಹಾಜಿರಾ, ಸ್ವಲ್ಪ ಹೊತ್ತಿನ ಹಿಂದೆ, ಒಳಗೆ. "ಮಾಸು ಅಂತೀರಲ್ಲ, ಅದೇ. ಕೂಸಿನಾಗ ಅರ್ಧ ಅಪ್ಪನ ಗುರುತು ಇರ್ತದ. ತಾಯಿ ರಕ್ತ ಅದನ್ನ ಪರರದು ಅಂತ ಹೊಡೀದಂಗ ಮಾಸು ಅಡ್ಡ ನಿಂದರ್ತದ. ಆದ್ರೂ ಒಂದೀಟು ಸೋರಿ ಈ ಕಡಿಗಿ ಬರ್ತದ. ಈಗ ಅಕಿ ರಕ್ತ ನಿಮ್ಮ ಗುರುತು ಹಿಡಿಯಾಕತ್ತದ. ಕಿಡ್ನಿನೂ ನಿಮ್ಮದೇ, ಅದಕ್ಕ ಪರ್ದಾ ಇಲ್ಲ, ದಿಲೀಪ್. ಗುಳಿಗಿ ಹೆಚ್ಚು ಮಾಡ್ತೀನಿ, ಆದ್ರ ಉಳೀತದ ಅಂತ ಮಾತು ಕೊಡಂಗಿಲ್ಲ. ಕೂಸು ಬ್ಯಾಡ ಅನ್ನೋದಿದ್ರ ಈಗೇ ಹೇಳ್ರಿ."

ಅವರಿಬ್ಬರು ಮೊದಲು ಮಾತಾಡಿದ್ದೂ ಇದೇ ವರಾಂಡದಲ್ಲಿ. ಅವನು ಸೋದರಮಾವನನ್ನು ಮೊದಲ ಸಲ ಡಯಾಲಿಸಿಸ್‌ಗೆ ಕರೆತಂದಿದ್ದ. ಎದುರಿನ ಬೆಂಚಿನಲ್ಲಿ ಬಾಡಿದ ಮುಖದ ಹುಡುಗಿಯೊಬ್ಬಳು ಸರದಿಗೆ ಕಾಯುತ್ತಿದ್ದಳು. ಅವನ ಚೀಲದಲ್ಲಿ ಕಮಲಾಪುರದ ತಮ್ಮ ತೋಟದ ಕೆಂಪು ಬಾಳೆಹಣ್ಣಿದ್ದವು. ಒಂದನ್ನು ಅವಳ ಮುಂದೆ ಹಿಡಿದ.

ಅವಳು ಹಣ್ಣನ್ನು ನೋಡಿದಳು, ಆಮೇಲೆ ಅವನನ್ನು. "ನನ್ನ ಕೊಲ್ಲಾಕ ಯಾರರ ಸುಪಾರಿ ಕೊಟ್ಟಾರೇನ್ರೀ?"

"ಅಂದ್ರ?"

"ಕಿಡ್ನಿ ಹೋದವರಿಗೆ ಬಾಳಿಹಣ್ಣು ವಿಷ ಇದ್ದಂಗ."

ಅವನ ಕೈ ಹಿಂದೆ ಸರಿಯಿತು. ಅವಳು ತಡೆದಳು. "ಇರ್ಲಿ, ಕೊಡ್ರಿ ಇಲ್ಲಿ. ತಿನ್ನಂಗಿಲ್ಲ. ವಾಸನಿ ನೋಡ್ತೀನಿ."

ಕಣ್ಣು ಮುಚ್ಚಿ, ಹಣ್ಣನ್ನು ಮೂಗಿಗೆ ಹಿಡಿದು, ಅವಳು ನಿಧಾನವಾಗಿ ಉಸಿರೆಳೆದಳು. ದಿಲೀಪ ಅಲ್ಲಿಗೇ ಸೋತಿದ್ದ.

ಆಪರೇಷನ್ ಆಗಿ, ಡಾಕ್ಟರು ಇನ್ನು ತಿನ್ನಬಹುದೆಂದ ದಿನ, ಕುಸನೂರಿನ ಬಾಡಿಗೆ ಮನೆಯ ಹೊಸ್ತಿಲಲ್ಲಿ ಕೂತು ಒಂದೇ ಒಂದು ಹಣ್ಣನ್ನು ಅವಳು ಬಹಳ ಹೊತ್ತು ತಿಂದಿದ್ದಳು, ಅವನನ್ನೇ ನೋಡುತ್ತ.

"ನಿಮ್ಮ ಕಿಡ್ನಿನೂ ನಿಮ್ಮಂಗೇ ಅದ ನೋಡ್ರಿ. ಕೆಲಸ ಮಾಡ್ತದ, ಮಾತಾಡಂಗಿಲ್ಲ."

ಯೂನಿವರ್ಸಿಟಿ ಲೈಬ್ರರಿಯಲ್ಲಿ ದಿನವಿಡೀ ಸುಮ್ಮನೆ ಪುಸ್ತಕ ಜೋಡಿಸುವ ಅವನಿಗೆ ಅದು ಹೊಗಳಿಕೆಯಂತೆ ಕೇಳಿಸಿತ್ತು.

"ಏನ್ರೀ," ಎಂದಳು ಗೌತಮಿ. ವರಾಂಡದಲ್ಲಿ ಜನ ಕಡಿಮೆಯಾಗಿದ್ದರು. "ನಿಮಗೇನು ಬೇಕು?"

ಅವನು ಅವಳ ಕೈ ನೋಡಿದ. ಅದು ಬಲಬದಿಯಲ್ಲಿ, ಕಿಡ್ನಿ ಕೂಡಿಸಿದ ಹೊಲಿಗೆಯ ಗುರುತಿನ ಮೇಲಿರಲಿಲ್ಲ. ಅಲ್ಲಿಂದ ಸರಿದು ಹೊಟ್ಟೆಯ ನಡುವೆ ಕೂತಿತ್ತು.

"ನಿನಗ ಏನು ಬೇಕೋ ಅದೇ."

"ಹಂಗಲ್ಲ. ಕೂಸು ಇರ್ಲಿ ಅಂತೀರೋ ಹೆಂಗ? ಬಾಯಿ ಬಿಟ್ಟು ಹೂಂ ಅನ್ರಿ."

"ಹೂಂ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ಆ ಭಾರ ಅವನಿಗೆ ಹಗುರವೆನಿಸಲಿಲ್ಲ.

ಗುಳಿಗೆ ಹೆಚ್ಚಾದವು. ಕಿಡ್ನಿ ಕುಂಟುತ್ತ ನಡೆಯಿತು. ಏಳನೇ ತಿಂಗಳಿನಲ್ಲಿ ಅವಳ ಕಾಲು ಬಾತವು, ಮುಖ ಬಾತಿತು, ಬಿಪಿ ಇಳಿಯಲಿಲ್ಲ. ಒಂದು ಬೆಳಿಗ್ಗೆ ಮೂತ್ರವೇ ಬರಲಿಲ್ಲ. ಅಂದೇ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು. ಅಂಗೈಗಿಂತ ತುಸು ದೊಡ್ಡದು. ಗಾಜಿನ ಪೆಟ್ಟಿಗೆಯಲ್ಲಿ ಉಸಿರಾಡುತ್ತಿತ್ತು. ಅವನು ಕೊಟ್ಟ ಕಿಡ್ನಿ ನಿಂತುಹೋಗಿತ್ತು.

ಅವನ ಅವ್ವ ಶೇವಂತಾ ಆಪರೇಷನ್ ಕೋಣೆಯ ಬಾಗಿಲಲ್ಲಿ ಮಣ್ಣಿನ ಕುಡಿಕೆ ಹಿಡಿದು ನಿಂತಿದ್ದಳು. ಬೇಡಿಕೊಂಡು ಮಾಸನ್ನು ಅದರಲ್ಲಿ ಹಾಕಿಸಿಕೊಂಡು, ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ ಮಗನ ಕೈಗಿಟ್ಟಳು.

"ನಮ್ಮ ಮನಿತನದಾಗ ಇದನ್ನ ಅಪ್ಪನೇ ಹೂಳಬೇಕು. ಹೂತು ಬರೋತನಕ ಬಾಯಿ ಬಿಡಬ್ಯಾಡ. ದಾರ್ಯಾಗ ಅಪ್ಪ ಮಾತಾಡಿದ್ರ ಕೂಸು ಜನ್ಮಪೂರ್ತಿ ಅಳ್ತದ." ಆಮೇಲೆ ನರ್ಸಿನ ಕಡೆ ತಿರುಗಿ, "ನನ್ನ ಮಗನಿಗೆ ಇದೇನು ದೊಡ್ಡ ಕೆಲಸ ಅಲ್ಲ ಬಿಡವ್ವ," ಎಂದಳು.

ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆಂದು ಎರಡು ಸಲ ಕೇಳಿದ. ದಿಲೀಪ ಬೇರೊಬ್ಬರ ಕಮಲಾಪುರದ ಟಿಕೆಟಿನ ಕಡೆ ಬೆರಳು ತೋರಿಸಿದ.

"ಮೂಕ ಇದ್ದಾನ, ಪಾಪ," ಎಂದು ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು.

ಕುಡಿಕೆ ತೊಡೆಯ ಮೇಲೆ ಇನ್ನೂ ಬೆಚ್ಚಗಿದ್ದಂತೆ ಅನಿಸುತ್ತಿತ್ತು. ಅವನ ಗುರುತನ್ನು ಅವಳ ರಕ್ತಕ್ಕೆ ತೋರಗೊಡದೆ ಇಷ್ಟು ತಿಂಗಳು ಅಡ್ಡ ನಿಂತಿದ್ದು ಇದು. ತನ್ನ ಹಿಂದೆ ಅಡಗಿದ್ದ ಕೂಸನ್ನು ಉಳಿಸಿತು. ಹೊರಗೆ ಒಂಟಿಯಾಗಿದ್ದ ಕಿಡ್ನಿಯನ್ನು ಉಳಿಸಲು ಅದಕ್ಕಾಗಲಿಲ್ಲ.

ತೋಟದಲ್ಲಿ ಬಾಳೆಯ ಬುಡದ ಪಕ್ಕ ತಗ್ಗು ತೋಡಿದ. ಕುಡಿಕೆ ಇಟ್ಟು ಮಣ್ಣೆಳೆದ. ಅತ್ತ. ಬಾಯಿ ಬಿಡಲಿಲ್ಲ.

ಅವನು ಮರಳಿದಾಗ ಗೌತಮಿಯನ್ನು ಡಯಾಲಿಸಿಸ್ ಯಂತ್ರಕ್ಕೆ ಹಚ್ಚಿದ್ದರು. ಕೊಳವೆಯಲ್ಲಿ ಅವಳ ರಕ್ತ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು.

"ದಾರ್ಯಾಗ ಮಾತಾಡಿದ್ರೇನು?"

"ಇಲ್ಲ."

"ಅತ್ತಿ ಗೆದ್ದರು ಬಿಡ್ರಿ." ಒಣಗಿದ ತುಟಿ ತುಸು ಅರಳಿತು. ಅವನ ಉಗುರಿನೊಳಗಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸತೊಡಗಿದಳು. "ಇನ್ನ ತೋಟದ ಹಣ್ಣು ತಂದ್ರ ಬರೀ ವಾಸನಿ ನೋಡೋದು. ನೀವು ಕೊಟ್ಟಿದ್ದು ಉಳಿಸ್ಕೊಳ್ಳಾಕ ಆಗ್ಲಿಲ್ರೀ. ಸಿಟ್ಟದೇನು?"

"ಇಲ್ಲ."

"ಅವತ್ತು ನೀವು ಬ್ಯಾಡ ಅಂತೀರಂತ ಭಾಳ ಅಂಜಿದ್ದೆ. ಹೂಂ ಅಂದ್ರಿ ನೋಡ್ರಿ, ಅದರ ಮ್ಯಾಲೇ ಇಷ್ಟು ದಿನ ತಡಕೊಂಡೆ."

ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಅವಳು ಕಣ್ಣು ಮುಚ್ಚಿದಳು.

ಅವತ್ತು ವರಾಂಡದಲ್ಲಿ ಅವನಿಗೆ ಬೇಕಾಗಿದ್ದದ್ದು ಅವಳೊಬ್ಬಳೇ. ಕೂಸು ಬೇಡ, ನೀನಿದ್ದರೆ ಸಾಕು ಎಂದು ದಿಲೀಪ ಅವಳಿಗೆ ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.