ನಾಲ್ಕನೇ ಮಹಡಿಯ ಕಾಂಡಕೊರಕ

ಮೋನಿಷಾ ಬಿದ್ದದ್ದು ನಾಲ್ಕನೇ ಮಹಡಿಯಿಂದ, ಇನ್ನೂ ಲಿಫ್ಟ್ ಕೂರಿಸಿರದ ಲಿಫ್ಟಿನ ಗುಂಡಿಗೆ. ಹದಿನೇಳು ವರ್ಷದ ಹುಡುಗಿ. ತಾವು ಕೊಳ್ಳಲಿದ್ದ ಮನೆಯಲ್ಲಿ ತನ್ನ ಕೋಣೆ ಯಾವುದೆಂದು ನೋಡುವ ಆತುರಕ್ಕೆ ಅಪ್ಪನಿಗಿಂತ ಮುಂದೆ ಓಡಿದ್ದಳು. ಗುಂಡಿಗೆ ಅಡ್ಡವಾಗಿ ಒಂದು ಹಲಗೆಯೂ ಇರಲಿಲ್ಲ. ಪೊಲೀಸರು ಬರುವ ಹೊತ್ತಿಗೆ ಹಲಗೆಯೂ ಇತ್ತು, ಕೆಂಪು ಟೇಪೂ ಇತ್ತು. ಹುಡುಗಿ ಮೊಬೈಲ್ ನೋಡಿಕೊಂಡು ನಡೆದಳು ಎಂದು ಬಿಲ್ಡರ್ ಮುರುಗೇಶ್ ಹೇಳಿದ, ಅವನ ಮೇಸ್ತ್ರಿಗಳೂ ಅದನ್ನೇ ಒಪ್ಪಿಸಿದರು, ಕೇಸು ಮುಗಿಯಿತು. ಆವತ್ತು ಅವಳ ಮೊಬೈಲ್ ಅಪ್ಪ ಆಂಜಿನಪ್ಪನ ಜೇಬಿನಲ್ಲಿತ್ತು. ಅವನು ಅದನ್ನು ಹೇಳಿದ. ಯಾರೂ ಬರೆದುಕೊಳ್ಳಲಿಲ್ಲ.

ವರ್ಷ ಕಳೆದ ಮೇಲೆ ಆಂಜಿನಪ್ಪ ಅಬ್ಬಿಗೆರೆಯ ಅದೇ ಕಟ್ಟಡಕ್ಕೆ ಉಸ್ತುವಾರಿ ಕೆಲಸಕ್ಕೆ ಸೇರಿದ. ಅಮೃತಹಳ್ಳಿಯಲ್ಲಿ ನೆಂಟರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಮಗಳನ್ನು ನುಂಗಿದ ಕಟ್ಟಡಕ್ಕೆ ನೀರು ಬಿಡಲು ಹೋಗುತ್ತಾನಲ್ಲ, ಇವನಿಗೆ ಕರುಳು ಏನಾದರೂ ಇದೆಯೇ ಎಂದರು. ಮುರುಗೇಶ್ ಮಾತ್ರ ಕಣ್ಣಲ್ಲಿ ನೀರು ತಂದುಕೊಂಡ. "ನೀವು ಬಂದ್ರಲ್ಲ ಆಂಜಿನಪ್ಪನೋರೆ, ನನ್ ಎದೆ ಮೇಲಿನ್ ಕಲ್ಲು ಇಳ್ದಂಗಾಯ್ತು," ಎಂದ. ಆ ಕಲ್ಲನ್ನು ಇನ್ನೂ ಭಾರವಾಗಿ ವಾಪಸು ಇಡಲೆಂದೇ ಆಂಜಿನಪ್ಪ ಬಂದಿದ್ದ.

ಕೊಲ್ಲುವ ಯೋಚನೆ ಅವನಿಗೆ ಎಂದೂ ಬರಲಿಲ್ಲ. ಸತ್ತವನಿಗೆ ಏನು ತಿಳಿಯುತ್ತದೆ? ಮುರುಗೇಶ್ ಬದುಕಿರಬೇಕು, ನಿಜ ಹೇಳಬೇಕು, ಎಷ್ಟು ಹೇಳಿದರೂ ಯಾರೂ ನಂಬಬಾರದು. ಅದು ಹೇಗಿರುತ್ತದೆಂದು ಅವನಿಗೂ ಗೊತ್ತಾಗಬೇಕು.

ಗುಂಡಿಯ ಪಕ್ಕದ ಮನೆ, ನಾನೂರ ಎರಡು, ಮಾರಾಟವಾಗದೆ ಉಳಿದಿತ್ತು. ಸಂಗತಿ ಗೊತ್ತಿದ್ದವರು ಅದನ್ನು ಮುಟ್ಟಲಿಲ್ಲ. ಎದುರಿನದೂ ಬೀಗ ಹಾಕಿಕೊಂಡಿತ್ತು. ಮುರುಗೇಶ್ ಅಂತೂ ಆ ಮಹಡಿಯಲ್ಲಿ ಕಾಲೇ ಇಡುತ್ತಿರಲಿಲ್ಲ. ಲಿಫ್ಟಿನಲ್ಲಿ ದಾಟಿ ಹೋಗುವಾಗಲೂ ತಲೆ ಬಗ್ಗಿಸಿಕೊಂಡಿರುತ್ತಿದ್ದ. ಆ ಮನೆಯೊಳಗೆ, ಅವನ ಹೆಸರಿನ ಮೀಟರಿನ ಕರೆಂಟಿನಲ್ಲಿ, ಆಂಜಿನಪ್ಪ ನಲವತ್ತೆರಡು ಗಾಂಜಾ ಗಿಡ ಬೆಳೆಸಿದ. ಕಿಟಕಿಗಳಿಗೆ ಕಪ್ಪು ಶೀಟು, ಮೇಲೆ ಸಾಲಾಗಿ ದೀಪ. ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೂ ಒಳಗಿರಬೇಕಾದ ಬೆಳೆ.

ಕುಂಡಗಳನ್ನು ತಾರಸಿ ತೋಟಕ್ಕೆಂದು ಹೇಳಿ ಮುರುಗೇಶನ ಕೈಯಿಂದಲೇ ಒಂದೊಂದಾಗಿ ಎತ್ತಿಸಿ, ಆಯಿಸಿ, ತರಿಸಿದ್ದ. ಕತ್ತರಿ ಸಡಿಲ ಇದೆಯೇ ನೋಡಿ ಸಾರ್ ಎಂದು ಅವನ ಕೈಗೆ ಕೊಟ್ಟು, ಆಮೇಲೆ ಹಿಡಿಯನ್ನು ಮುಟ್ಟದೆ ಎತ್ತಿಟ್ಟಿದ್ದ. ಸೈಟ್ ಆಫೀಸಿನಲ್ಲಿ ಬಿಟ್ಟುಹೋಗಿದ್ದ ಅವನ ಅಂಗಿ ಈಗ ನಾನೂರ ಎರಡರ ಮೊಳೆಗೆ ನೇತಾಡುತ್ತಿತ್ತು. ಮನೆಯ ಎರಡೂ ಕೀಲಿ ಆಫೀಸಿನ ಬೀರುವಿನಲ್ಲಿದ್ದವು. ಮೂರನೆಯದನ್ನು ಯಶವಂತಪುರದ ಮಾರ್ಕೆಟ್ಟಿನಲ್ಲಿ ಮಾಡಿಸಿದ್ದು ಆಂಜಿನಪ್ಪನಿಗೆ ಮಾತ್ರ ಗೊತ್ತು. ಒಳಗೆ ಕಾಲಿಡುವ ಮೊದಲು ಕೈಗೆ ಗ್ಲೌಸ್, ತಲೆಗೆ ಪ್ಲಾಸ್ಟಿಕ್ ಟೋಪಿ. ಮಧ್ಯಾಹ್ನ ಊಟದ ಹೊತ್ತು, ಅರ್ಧ ಗಂಟೆ, ಅಷ್ಟೇ. ಇಷ್ಟು ಚೊಕ್ಕಟವಾಗಿ ಅವನು ಜನ್ಮದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಒಂದು ಮಾತ್ರ ಅವನ ಲೆಕ್ಕಕ್ಕೆ ಸಿಗಲಿಲ್ಲ. ಈಗ ಕೂರಿಸಿದ್ದ ಲಿಫ್ಟ್ ಆಗಾಗ ಯಾರೂ ಒತ್ತದೆ ನಾಲ್ಕನೇ ಮಹಡಿಗೆ ಬರುತ್ತಿತ್ತು. ಬಾಗಿಲು ತೆರೆಯುವುದು, ಸ್ವಲ್ಪ ಹೊತ್ತು ಕಾಯುವುದು, ಮುಚ್ಚಿಕೊಳ್ಳುವುದು. ವಯರಿಂಗ್ ದೋಷ ಎಂದು ಮೆಕ್ಯಾನಿಕ್ ಹೇಳಿದ. ಆಂಜಿನಪ್ಪ ತಲೆಯಾಡಿಸಿದ. ಆದರೆ ಪ್ರತಿ ಸಲ ಬಾಗಿಲು ತೆರೆದಾಗಲೂ ಅವನು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ.

ಫೆಬ್ರುವರಿಯಲ್ಲಿ ಬೆಳಗಾವಿ ಕಡೆಯಿಂದ ಒಬ್ಬರು ಗಿರಾಕಿ ಬಂದರು. ಅಪ್ಪಾಸಾಹೇಬರು, ಮಿಲಿಟರಿಯಿಂದ ನಿವೃತ್ತರು. ಬಿದ್ದ ಹುಡುಗಿಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಮುರುಗೇಶ್ ಮೂರನೇ ಮಹಡಿಯ ಅದೇ ಅಳತೆಯ ಮನೆ ತೋರಿಸಿ ನಾನೂರ ಎರಡನ್ನು ಒಪ್ಪಿಸಿಬಿಟ್ಟ. ಮುಂದಿನ ತಿಂಗಳ ಹನ್ನೆರಡು, ಗುರುವಾರ, ಬ್ಯಾಂಕಿನವರನ್ನು ಕರೆತಂದು ಮನೆ ತೆರೆಯುವುದೆಂದು ಮಾತಾಯಿತು. ಆಂಜಿನಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು. ಪೊಲೀಸರಿಗೆ ಅನಾಮಧೇಯ ಪತ್ರ ಬರೆಯುವ ಗೊಡವೆಯೇ ಇಲ್ಲ. ಮುರುಗೇಶನೇ ತನ್ನ ಕೀಲಿಯಿಂದ, ಮಾಜಿ ಸೈನಿಕನೊಬ್ಬನ ಕಣ್ಣೆದುರಿಗೆ, ತನ್ನ ಬಾಗಿಲು ತೆರೆಯುತ್ತಾನೆ.

ಅದಾಗಿ ನಾಲ್ಕು ದಿನಕ್ಕೆ ಮೂಲೆಯ ಗಿಡದ ತುದಿ ಜೋತುಬಿತ್ತು. ಮಣ್ಣು ಒದ್ದೆಯಾಗೇ ಇತ್ತು. ಮಾರನೆಯ ದಿನ ಇನ್ನೆರಡು ಜೋತವು. ಬಗ್ಗಿ ನೋಡಿದ. ಕಾಂಡದ ಗಿಣ್ಣು ಊದಿಕೊಂಡಿತ್ತು, ಪಕ್ಕದಲ್ಲಿ ಗುಂಡುಸೂಜಿ ತೂರುವಷ್ಟು ತೂತು, ಅದರ ಬಾಯಲ್ಲಿ ಮರದ ಪುಡಿಯಂಥ ಹಿಕ್ಕೆ. ಬ್ಲೇಡಿನಿಂದ ಒಂದು ಕಾಂಡವನ್ನು ಉದ್ದಕ್ಕೆ ಸೀಳಿದ. ಒಳಗೆ ತಿರುಳೆಲ್ಲ ಖಾಲಿ. ಕಂದು ತಲೆಯ ಬಿಳಿಚಿದ ಹುಳವೊಂದು ಬೆಳಕಿಗೆ ಹೊರಳಿತು. ಹೊರಗೆ ಎಲೆಗಳೆಲ್ಲ ಇನ್ನೂ ಹಸಿರಾಗಿಯೇ ಇದ್ದವು. ಅವನಿಗೆ ಹೆದರಿಕೆಯಾಯಿತು, ತನ್ನನ್ನೇ ಯಾರೋ ಸೀಳಿ ತೋರಿಸಿದಂತೆ.

ಗಾಳಿಯ ಫ್ಯಾನಿನ ಜಾಲರಿ ಒಂದು ಮೂಲೆಯಲ್ಲಿ ಹರಿದಿತ್ತು. ದೀಪದ ಬೆಳಕಿಗೆ ಪತಂಗ ಬಂದು ಮೊಟ್ಟೆಯಿಟ್ಟಿದ್ದು ಅಲ್ಲಿಂದಲೇ. ಹೀಗೇ ಬಿಟ್ಟರೆ ಹನ್ನೆರಡನೇ ತಾರೀಕಿಗೆ ಉಳಿಯುವುದು ಒಣ ಕಡ್ಡಿ. ಒಣ ಕಡ್ಡಿ ನೋಡಿ ಯಾವ ಪೊಲೀಸನೂ ಬಿಲ್ಡರನ್ನು ಜೀಪು ಹತ್ತಿಸುವುದಿಲ್ಲ. ಇನ್ನೊಂದು ಬೆಳೆ ತೆಗೆಯಲು ಮನೆಯೇ ಮುರುಗೇಶನದಾಗಿರುವುದಿಲ್ಲ. ಮೋನಿಷಾಳ ಪಾಲಿಗೆ ಇದ್ದದ್ದು ಇದೊಂದೇ ಅವಕಾಶ.

ಮೊಬೈಲಿನಲ್ಲಿ ಹುಡುಕಿದರೆ ಗುರುತು ಉಳಿಯುತ್ತದೆ. ಹಾಗಾಗಿ ಮನೆಗೆ ಹೋಗಿ ತಾಯಿ ದೊಡ್ಡಮುನಿಯಮ್ಮನನ್ನು ಕೇಳಿದ. ಅವರ ಮನೆತನ ದ್ರಾಕ್ಷಿ ಬೆಳೆದದ್ದು. ತೋಟವೆಲ್ಲ ಲೇಔಟಾಗಿ ಹೋಗಿ ಕಾಲವಾಯಿತು, ಆದರೆ ಮುದುಕಿಯ ಪಾಲಿಗೆ ಬಳ್ಳಿಗಳು ಇನ್ನೂ ಅಲ್ಲೇ ಇದ್ದವು. ಕಾಂಡ ಕೊರೆಯುವ ಹುಳಕ್ಕೆ ಏನು ಮಾಡುತ್ತಿದ್ದೆ ಎಂದದ್ದಕ್ಕೆ ಅವಳು ಥಟ್ಟನೆ ಹೇಳಿದಳು.

"ಸೈಕಲ್ ಕಡ್ಡಿ ಆಕಿ ಉಳಾನ ಎಳೀಬೇಕು. ಆಮ್ಯಾಕೆ ಕೆಮ್ಮಣ್ಣು ಕಲ್ಸಿ ತೂತು ಮುಚ್ಚು. ಗಾಯ ಅಂಗೇ ಬಿಟ್ರೆ ಇನ್ನೊಂದ್ ಉಳ ಬತ್ತದೆ ಕಣಪ್ಪ." ಅವನ ಬೆನ್ನು ಸವರಿ, "ಮೋನೀನ ಜೊತೇಲಿ ಕರ್ಕೊಂಡೋಗು. ತೋಟದಾಗೆ ಒಬ್ನೇ ಇರ್ಬ್ಯಾಡ," ಎಂದಳು.

ಮೊಮ್ಮಗಳು ಇಲ್ಲವೆಂದು ಅವಳಿಗೆ ಎಷ್ಟೋ ಸಲ ಹೇಳಿ ಸಾಕಾಗಿತ್ತು. ಆಯಿತಮ್ಮ ಎಂದು ಎದ್ದುಬಂದ.

ಹೆಬ್ಬಾಳದ ಗೊಬ್ಬರದಂಗಡಿಯಲ್ಲಿ ಟೊಮೆಟೊಗೆ ಎಂದು ಹೇಳಿ, ಹುಳಕ್ಕೆ ಮಾತ್ರ ರೋಗ ತರುವ ಪುಡಿ ತಂದ. ಭಾನುವಾರ ಮೇಸ್ತ್ರಿಗಳ ರಜೆ; ಇಡೀ ಹಗಲು ಒಳಗೆ ಕೂತ. ಪ್ರತಿ ಕಾಂಡವನ್ನೂ ಬುಡದಿಂದ ತುದಿಯವರೆಗೆ ಸವರಿ ತೂತು ಹುಡುಕಿದ, ಎಲೆಯಡಿಯ ಮೊಟ್ಟೆ ಒರೆಸಿದ, ಕಡ್ಡಿ ತೂರಿಸಿ ಹುಳ ಎಳೆದ, ಕಡ್ಡಿಗೆ ಸಿಗದವಕ್ಕೆ ಸಿರಿಂಜಿನಲ್ಲಿ ಪುಡಿ ಕಲಸಿದ ನೀರು ಬಿಟ್ಟ. ಕೆಮ್ಮಣ್ಣು ಕಲಸುತ್ತಿದ್ದಂತೆ ಅದರ ವಾಸನೆಗೆ ಕೈ ತಾನಾಗಿ ಹಳೆಯ ಕೆಲಸಕ್ಕೆ ಇಳಿಯಿತು. ಕಾಂಡಕ್ಕೆ ಕಿವಿಯಿಟ್ಟರೆ ಕರಕರ ಸದ್ದು. ಅದು ಒಂದೊಂದೇ ಗಿಡದಲ್ಲಿ ನಿಲ್ಲುತ್ತ ಬಂತು. ಹೊರಗೆ ಲಿಫ್ಟಿನ ಬಾಗಿಲು ತೆರೆದ ಶಬ್ದವಾಯಿತು. ಆಮೇಲೆ ಬೆನ್ನ ಹಿಂದೆ ಮಗಳು ಕೂತಿದ್ದಾಳೆ ಎಂದು ಅವನಿಗೆ ಖಚಿತವಾಗಿಬಿಟ್ಟಿತು. ತಿರುಗಲಿಲ್ಲ, ತಿರುಗಿದರೆ ಇರುವುದಿಲ್ಲ. ಇದು ಹುಳದ ಹಿಕ್ಕೆ, ಇದು ಗಾಯ, ಹೀಗೆ ಮುಚ್ಚಬೇಕು ಎಂದು ಒಂದೊಂದನ್ನೂ ವಿವರಿಸಿ ಹೇಳುತ್ತ ಸಂಜೆಯವರೆಗೂ ಕೆಲಸ ಮಾಡಿದ. ಅವಳು ತೀರಿಹೋದಮೇಲೆ ಅಷ್ಟು ನೆಮ್ಮದಿಯ ದಿನವನ್ನು ಅವನು ಕಂಡಿರಲಿಲ್ಲ.

ಮೂರು ಗಿಡ ಸತ್ತವು. ಉಳಿದವು ವಾರದೊಳಗೆ ತಲೆಯೆತ್ತಿದವು. ಹನ್ನೆರಡರ ಬೆಳಿಗ್ಗೆ ಹೆಬ್ಬಾಳ ಕೆರೆಗೆ ಮೂರನೇ ಕೀಲಿ ಎಸೆದು ಬಂದು, ಏನೂ ಅರಿಯದವನಂತೆ ಗೇಟಿನಲ್ಲಿ ನಿಂತ.

ಎಲ್ಲವೂ ಅವನು ಬರೆದಿಟ್ಟಂತೆಯೇ ನಡೆಯಿತು. ಬಾಗಿಲು ತೆರೆದ ಮುರುಗೇಶ್ ಅಲ್ಲೇ ಗೋಡೆ ಹಿಡಿದುಕೊಂಡ. ಅಪ್ಪಾಸಾಹೇಬರೇ ಪೊಲೀಸರಿಗೆ ಫೋನು ಹಚ್ಚಿದರು. ಬಂದವಳು ಇನ್ಸ್‌ಪೆಕ್ಟರ್ ಸಂಯುಕ್ತಾ. ಅಂಗಿ ಸಿಕ್ಕಿತು, ಕತ್ತರಿ ಸಿಕ್ಕಿತು, ಕುಂಡಗಳ ಮೇಲೆ ಪುಡಿ ಹಾಕಿ ಬೆರಳಚ್ಚು ತೆಗೆದರು. "ನಂಗೇನೂ ಗೊತ್ತಿಲ್ಲ ಮೇಡಂ, ನಾನ್ ಈ ಫ್ಲೋರಿಗೇ ಬರಲ್ಲ," ಎಂದು ಮುರುಗೇಶ್ ಅಳುವ ದನಿಯಲ್ಲಿ ಹೇಳಿದ. ಅದು ನಿಜ. ಯಾರೂ ಬರೆದುಕೊಳ್ಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಆಂಜಿನಪ್ಪನ ಕಣ್ಣು ತುಂಬಿಬಂತು. ಮುದ್ದು ಮಗಳೇ, ನೋಡು ಎಂದುಕೊಂಡ.

ಸಂಯುಕ್ತಾ ಮಾತ್ರ ಟಾರ್ಚು ಹಿಡಿದು ಒಂದು ಗಿಡದ ಮುಂದೆ ಮಂಡಿಯೂರಿದಳು. ಆಮೇಲೆ ಪಕ್ಕದ ಗಿಡ, ಅದರ ಪಕ್ಕದ್ದು. ಕಾಂಡಗಳಿಗೆ ಮೆತ್ತಿದ್ದ ಕೆಮ್ಮಣ್ಣು ದೀಪದ ಕಾವಿಗೆ ಇಟ್ಟಿಗೆಯಂತೆ ಒಣಗಿತ್ತು. ಪ್ರತಿಯೊಂದರ ಮೇಲೂ ಒತ್ತಿದ ಹೆಬ್ಬೆರಳು, ಗೆರೆ ಎಣಿಸಬಹುದಾದಷ್ಟು ಸ್ಪಷ್ಟ, ನಡುವೆ ಓರೆಯಾಗಿ ಒಂದು ಗಾಯದ ಕಲೆ. ಅವಳು ಮುರುಗೇಶನ ಬಲಗೈ ಹಿಡಿದು ತಿರುಗಿಸಿ ನೋಡಿದಳು, ನುಣುಪಾದ ಹೆಬ್ಬೆರಳು. ಆಮೇಲೆ ಬಾಗಿಲ ಕಡೆ ತಿರುಗಿ, "ಯಜಮಾನ್ರೆ, ನಿಮ್ದೊಂದ್ ಸಲ ತೋರ್ಸಿ," ಎಂದಳು. ಹದಿನಾರನೇ ವಯಸ್ಸಿನಲ್ಲಿ ದ್ರಾಕ್ಷಿ ಕತ್ತರಿ ಕೊಯ್ದ ಹೆಬ್ಬೆರಳನ್ನು ಆಂಜಿನಪ್ಪ ತಾನೇ ಬೆಳಕಿಗೆ ಹಿಡಿದು ನೋಡಿಕೊಂಡ. ಗ್ಲೌಸಿಗೆ ಹಸಿಮಣ್ಣು ಅಂಟಿ ಎದ್ದು ಬರುತ್ತದೆಂದು ಆ ಭಾನುವಾರ ಬಲಗೈಯದನ್ನು ಕಳಚಿ ಜೇಬಿಗೆ ತುರುಕಿದ್ದು ಈಗ ನೆನಪಾಯಿತು. ಎದುರಿಗೆ ಮೂವತ್ತೊಂಬತ್ತು ಗಿಡಗಳು, ಅವನು ಬದುಕಿಸಿದವು, ಅವನ ಹೆಬ್ಬೆಟ್ಟು ಹೊತ್ತು ಹಸಿರಾಗಿ ನಿಂತಿದ್ದವು.